ನಾಸಾ ಬಜೆಟ್ಟು ಮತ್ತು ಒಂದು ಪುಟದ ಪತ್ರ

1993ರ ಜೂನ್ 23ರಂದು ಅಮೆರಿಕದ ಪ್ರತಿನಿಧಿ ಸಭೆಯಲ್ಲಿ ಒಂದು ತಿದ್ದುಪಡಿ ಮತಕ್ಕೆ ಬಂತು: ಬಾಹ್ಯಾಕಾಶ ನಿಲ್ದಾಣದ ಯೋಜನೆಯನ್ನೇ ಕೈಬಿಡಬೇಕು. ಪರ 215 ಮತ, ವಿರುದ್ಧ 216. ಇವತ್ತು ಭೂಮಿಯಿಂದ ಸುಮಾರು 400 ಕಿ.ಮೀ. ಎತ್ತರದಲ್ಲಿ ಸುತ್ತುತ್ತಿರುವ, 2025ರಲ್ಲಿ ಶುಭಾಂಶು ಶುಕ್ಲಾ ಹೋಗಿಬಂದ ಆ ನಿಲ್ದಾಣ ಅಂದು ಉಳಿದುಕೊಂಡದ್ದು ಒಂದೇ ಒಂದು ಮತದಿಂದ.

ಆ ಒಂದು ಮತವನ್ನು ಯಾರ ಪತ್ರ ತಂದುಕೊಟ್ಟಿತು ಎಂದು ಬೆರಳಿಟ್ಟು ತೋರಿಸಲಾಗದು. ಆದರೆ ಲೆಕ್ಕಾಚಾರ ಇಷ್ಟು ಬಿಗಿಯಾಗಿರುವಾಗ ಯಾವ ಕ್ಷೇತ್ರದಿಂದ, ಯಾವ ವಾರದಲ್ಲಿ, ಎಷ್ಟು ಜನ, ಏನು ಕೇಳಿ ಬರೆದರು ಎನ್ನುವುದಕ್ಕೆ ಬೆಲೆ ಬರುತ್ತದೆ. ಅಮೆರಿಕದ ಬಾಹ್ಯಾಕಾಶ ಪ್ರೇಮಿಗಳು ಅರ್ಧ ಶತಮಾನದಿಂದ ಈ ವಿದ್ಯೆಯನ್ನು ಪಳಗಿಸಿಕೊಂಡು ಬಂದಿದ್ದಾರೆ. ಈಚೆಗೆ ಅದು ದೊಡ್ಡ ಪರೀಕ್ಷೆಗೂ ಒಳಗಾಯಿತು.

2025ರ ಮೇ ತಿಂಗಳಲ್ಲಿ ಶ್ವೇತಭವನ 2026ರ ಆರ್ಥಿಕ ವರ್ಷಕ್ಕೆಂದು ಮುಂದಿಟ್ಟ ಪ್ರಸ್ತಾವದಲ್ಲಿ ನಾಸಾಗೆ ಇದ್ದದ್ದು ಸುಮಾರು 1,880 ಕೋಟಿ ಡಾಲರ್. ಹಿಂದಿನ ವರ್ಷದ್ದು 2,480 ಕೋಟಿ. ಅಂದರೆ ಕಾಲು ಭಾಗದಷ್ಟು ಕಡಿತ. ವಿಜ್ಞಾನ ವಿಭಾಗದ ಪಾಡು ಇನ್ನೂ ಕೆಟ್ಟದಾಗಿತ್ತು: ಸುಮಾರು 730 ಕೋಟಿಯಿಂದ 390 ಕೋಟಿಗೆ ಇಳಿಕೆ. ಗುರುವನ್ನು ಸುತ್ತುತ್ತಿರುವ ಜೂನೊ, ಪ್ಲೂಟೊ ದಾಟಿ ಹೋಗಿರುವ ನ್ಯೂ ಹೊರೈಜನ್ಸ್ ಸೇರಿ 40ರಷ್ಟು ಯೋಜನೆಗಳಿಗೆ ಬಾಗಿಲು ಹಾಕುವ ಪಟ್ಟಿ ಜೊತೆಗೆ ಬಂತು. ಹಿಂದೆ ನಾಸಾ ವಿಜ್ಞಾನ ವಿಭಾಗವನ್ನು ನಡೆಸಿದ್ದವರು ಒಟ್ಟಾಗಿ ವಿರೋಧದ ಪತ್ರಕ್ಕೆ ಸಹಿ ಹಾಕಿದರು. ಬಾಹ್ಯಾಕಾಶ ಪ್ರೇಮಿಗಳ ಸಂಸ್ಥೆಯಾದ ಪ್ಲಾನೆಟರಿ ಸೊಸೈಟಿ ತನ್ನ ಸದಸ್ಯರನ್ನು ಬರವಣಿಗೆಗೆ ಕೂರಿಸಿತು. ನೂರಾರು ಮಂದಿ ಖುದ್ದಾಗಿ ವಾಷಿಂಗ್ಟನ್ನಿಗೇ ಹೋದರು. ಕೊನೆಗೆ 2026ರ ಜನವರಿಯಲ್ಲಿ ಕಾಂಗ್ರೆಸ್ ಅಂಗೀಕರಿಸಿದ ಮಸೂದೆಯಲ್ಲಿ ನಾಸಾಗೆ ಸುಮಾರು 2,440 ಕೋಟಿ, ವಿಜ್ಞಾನಕ್ಕೆ 725 ಕೋಟಿ ಡಾಲರ್ ಸಿಕ್ಕಿತು. ಅರ್ಧಕ್ಕೆ ಇಳಿಯಬೇಕಿದ್ದದ್ದು ಶೇ 1ರಷ್ಟು ಮಾತ್ರ ಇಳಿಯಿತು. (ಇಲ್ಲಿ ಕಾಂಗ್ರೆಸ್ ಎಂದರೆ ಅವರ ಸಂಸತ್ತು, ನಮ್ಮ ದೇಶದ ಕಾಂಗ್ರೆಸ್ ಪಕ್ಷಕ್ಕೂ ಅದಕ್ಕೂ ಸಂಬಂಧವಿಲ್ಲ.)

ಇದೆಲ್ಲ ಪತ್ರಗಳಿಂದಲೇ ಆಯಿತು ಎಂದರೆ ಉತ್ಪ್ರೇಕ್ಷೆ. ನಾಸಾದ ಕೇಂದ್ರಗಳೂ ಗುತ್ತಿಗೆದಾರರೂ ಹತ್ತಾರು ರಾಜ್ಯಗಳಲ್ಲಿ ಹರಡಿಕೊಂಡಿದ್ದಾರೆ. ತಮ್ಮೂರಿನ ಕೆಲಸ ಹೋಗಲು ಯಾವ ಸೆನೆಟರ್ ತಾನೇ ಬಿಟ್ಟಾನು? ಪತ್ರ ಮಾಡುವ ಕೆಲಸ ಬೇರೆ. ಮನಸ್ಸಿಲ್ಲದವನ ಮನಸ್ಸನ್ನು ಅದು ಬದಲಿಸುವುದು ಅಪರೂಪ. ಒಳಗೊಳಗೇ ಒಲವಿರುವ ಸದಸ್ಯನ ಕೈಗೆ ‘ನನ್ನ ಕ್ಷೇತ್ರದ ಜನರೇ ಕೇಳುತ್ತಿದ್ದಾರೆ’ ಎನ್ನುವ ಪುರಾವೆಯನ್ನು ಅದು ಕೊಡುತ್ತದೆ. ಹಣ ಹಂಚುವ ಕೋಣೆಯಲ್ಲಿ ಚಲಾವಣೆಯಾಗುವ ನಾಣ್ಯ ಅದೇ.

ಗೆದ್ದದ್ದು, ಸೋತದ್ದು

ಹಳೆಯ ಕಥೆಗಳಲ್ಲಿ ಹೆಚ್ಚು ಪ್ರಸಿದ್ಧವಾದದ್ದು 1976ರದು. ಮೊದಲ ಸ್ಪೇಸ್ ಷಟಲ್‌ಗೆ ‘ಕಾನ್‌ಸ್ಟಿಟ್ಯೂಷನ್’ ಎಂದು ಹೆಸರಿಡುವುದೆಂದು ನಿಶ್ಚಯವಾಗಿತ್ತು. ಸ್ಟಾರ್ ಟ್ರೆಕ್ ಧಾರಾವಾಹಿಯ ಅಭಿಮಾನಿಗಳು ರಾಶಿ ರಾಶಿ ಪತ್ರ ಬರೆದು ಅದನ್ನು ‘ಎಂಟರ್‌ಪ್ರೈಸ್’ ಮಾಡಿಸಿದರು. ಅಧ್ಯಕ್ಷ ಫೋರ್ಡ್ ಒಪ್ಪಿದರು. ಆ ಷಟಲ್ ಬಾಹ್ಯಾಕಾಶಕ್ಕೆ ಒಮ್ಮೆಯೂ ಹೋಗಲಿಲ್ಲ, ಅದನ್ನು ಇಳಿಯುವ ಪರೀಕ್ಷೆ ಮೊದಲಾದ ಪರೀಕ್ಷೆಗಳಿಗಷ್ಟೇ ಬಳಸಿದರು. ಹೆಸರು ಬದಲಿಸಲು ಖರ್ಚಿಲ್ಲ, ಹಾಗಾಗಿ ಯಾರೂ ಅಡ್ಡ ಬರಲಿಲ್ಲ. ದುಡ್ಡಿನ ವಿಷಯಕ್ಕೆ ಈ ಗೆಲುವನ್ನು ಮಾದರಿಯಾಗಿ ಹಿಡಿದುಕೊಂಡವರು ಮುಂದೆ ಎಡವಿದ್ದಾರೆ.

ನಿಜವಾದ ಪಾಠ ಪ್ಲೂಟೊದಲ್ಲಿದೆ. ಖರ್ಚು ಏರುತ್ತಿದೆ ಎಂದು 2000ದ ಸೆಪ್ಟೆಂಬರ್‌ನಲ್ಲಿ ನಾಸಾ ಪ್ಲೂಟೊ–ಕೈಪರ್ ಎಕ್ಸ್‌ಪ್ರೆಸ್ ಯೋಜನೆಯ ಕೆಲಸ ನಿಲ್ಲಿಸಿತು. ಪ್ಲಾನೆಟರಿ ಸೊಸೈಟಿ (ಕಾರ್ಲ್ ಸೇಗನ್, ಬ್ರೂಸ್ ಮರ್ರೆ, ಲೂಯಿ ಫ್ರೀಡ್‌ಮನ್ 1980ರಲ್ಲಿ ಕಟ್ಟಿದ ಸಂಸ್ಥೆ) 10 ಸಾವಿರಕ್ಕೂ ಹೆಚ್ಚು ಪತ್ರಗಳನ್ನು ಕಾಂಗ್ರೆಸ್ಸಿಗೆ ಮುಟ್ಟಿಸಿತು. ಆ ಪತ್ರಗಳಲ್ಲಿ ಗಟ್ಟಿ ವಾದವೊಂದಿತ್ತು: ಗಡುವು. ಪ್ಲೂಟೊ 1989ರಲ್ಲಿ ಸೂರ್ಯನಿಗೆ ಹತ್ತಿರ ಬಂದು ಮತ್ತೆ ದೂರ ಸರಿಯುತ್ತಿತ್ತು. ತಡವಾದರೆ ಅದರ ತೆಳು ವಾತಾವರಣ ಹೆಪ್ಪುಗಟ್ಟಿ ನೆಲಕ್ಕಿಳಿದೀತು ಎಂಬ ಆತಂಕ. ಗುರುಗ್ರಹದ ಸೆಳೆತದಿಂದ ನೌಕೆಗೆ ವೇಗ ಪಡೆಯುವ ಅವಕಾಶವೂ 2006ರ ಆಸುಪಾಸಿಗೆ ಮುಗಿದು, ಮತ್ತೆ ಬರಲು ಹತ್ತಕ್ಕೂ ಹೆಚ್ಚು ವರ್ಷ ಬೇಕಿತ್ತು. ‘ಮುಂದಿನ ವರ್ಷ ನೋಡೋಣ’ ಎಂದು ತಳ್ಳಿಹಾಕುವ ದಾರಿಯೇ ಇರಲಿಲ್ಲ.

ಅಲ್ಲಿಗೂ ಮುಗಿಯಲಿಲ್ಲ. ನಿಂತ ಯೋಜನೆಯ ಬದಲಿಗೆ 2001ರಲ್ಲಿ ನ್ಯೂ ಹೊರೈಜನ್ಸ್ ಆಯ್ಕೆಯಾಯಿತು. 2002ರ ಆರಂಭದಲ್ಲಿ ಬಂದ ಶ್ವೇತಭವನದ ಬಜೆಟ್ ಅದಕ್ಕೆ ಸೊನ್ನೆ ಇಟ್ಟಿತು. ಅದೇ ಬೇಸಿಗೆಯಲ್ಲಿ ಹೊರಬಂದ ಗ್ರಹ ವಿಜ್ಞಾನಿಗಳ ದಶಕದ ಆದ್ಯತಾ ವರದಿ ಮಧ್ಯಮ ವೆಚ್ಚದ ಯೋಜನೆಗಳಲ್ಲಿ ಪ್ಲೂಟೊ ಮತ್ತು ಅದರ ಸುತ್ತಲಿನ ಹಿಮಕಾಯಗಳ ವಲಯಕ್ಕೆ (ಕೈಪರ್ ಪಟ್ಟಿ) ಹೋಗುವ ಯೋಜನೆಗೆ ಮೊದಲ ಸ್ಥಾನ ಕೊಟ್ಟಿತು. ಸೆನೆಟ್ಟಿನ ಅನುದಾನ ಸಮಿತಿಯಲ್ಲಿ ಮೇರಿಲ್ಯಾಂಡಿನ ಬಾರ್ಬರಾ ಮಿಕುಲ್‌ಸ್ಕಿ ಇದ್ದರು. ನೌಕೆ ಕಟ್ಟುವ ಪ್ರಯೋಗಾಲಯ ಅವರದೇ ರಾಜ್ಯದಲ್ಲಿತ್ತು. ಹೀಗೆ ಜನರ ಪತ್ರ, ವಿಜ್ಞಾನಿಗಳ ಶ್ರೇಯಾಂಕ, ಸಮಿತಿಯಲ್ಲಿ ಕೂತ ಒಬ್ಬ ಹಟವಾದಿ ಒಂದಕ್ಕೊಂದು ಕೂಡಿಬಂದವು. ನೌಕೆ 2006ರ ಜನವರಿ 19ರಂದು ಹಾರಿ 2015ರ ಜುಲೈ 14ರಂದು ಪ್ಲೂಟೊದಿಂದ ಸುಮಾರು 12,500 ಕಿ.ಮೀ. ದೂರದಲ್ಲಿ ಹಾದುಹೋಯಿತು.

ಹಬಲ್‌ನದೂ ಇದೇ ಜಾಡು. ಕೊಲಂಬಿಯಾ ದುರಂತದ ನಂತರ, 2004ರ ಜನವರಿಯಲ್ಲಿ, ದೂರದರ್ಶಕದ ಕೊನೆಯ ರಿಪೇರಿ ಯಾನವನ್ನು ನಾಸಾ ರದ್ದು ಮಾಡಿತು. ಜನ ರೊಚ್ಚಿಗೆದ್ದರು. ಇಲ್ಲೂ ಮಿಕುಲ್‌ಸ್ಕಿ, ಇಲ್ಲೂ ರಾಷ್ಟ್ರೀಯ ಅಕಾಡೆಮಿಯ ಬೆಂಬಲದ ವರದಿ. 2006ರಲ್ಲಿ ಯಾನಕ್ಕೆ ಮತ್ತೆ ಒಪ್ಪಿಗೆ, 2009ರ ಮೇನಲ್ಲಿ ರಿಪೇರಿ.

ಸೋತದ್ದಕ್ಕೆ 1993ರ ಸೆಟಿ ಸಾಕ್ಷಿ. ಬೇರೆ ಲೋಕದ ಜೀವಿಗಳ ರೇಡಿಯೊ ಸಂಕೇತ ಹುಡುಕುವ ಆ ಯೋಜನೆಗೆ ವರ್ಷಕ್ಕೆ ಸುಮಾರು 1.2 ಕೋಟಿ ಡಾಲರ್, ನಾಸಾ ಬಜೆಟ್ಟಿನ ಶೇ 0.1ಕ್ಕೂ ಕಡಿಮೆ. ನೆವಾಡಾದ ಸೆನೆಟರ್ ರಿಚರ್ಡ್ ಬ್ರಯಾನ್ ಒಂದು ತಿದ್ದುಪಡಿಯಿಂದ ಅದನ್ನು ಮುಗಿಸಿದರು. ಅದಕ್ಕೆಂದು ದುಡಿಯುವ ದೊಡ್ಡ ಕಾರ್ಖಾನೆ ಯಾವ ರಾಜ್ಯದಲ್ಲೂ ಇರಲಿಲ್ಲ. ಸಭೆಯಲ್ಲೇ ಬರುವ ಇಂಥ ತಿದ್ದುಪಡಿಗೆ ಪತ್ರದಲ್ಲಿ ಉತ್ತರ ಕೊಡಲು ಸಮಯವೂ ಸಿಗುವುದಿಲ್ಲ. ಚಿಕ್ಕ ಮೊತ್ತ ಸುರಕ್ಷಿತ ಎಂಬ ನಂಬಿಕೆ ಎಷ್ಟು ಪೊಳ್ಳೆಂದು ಆ ದಿನ ಗೊತ್ತಾಯಿತು. ಕಡಿಯುವವನಿಗೆ ಚಿಕ್ಕದೇ ಸಲೀಸು.

ಹಣ ಎಲ್ಲಿ ಹಂಚಿಕೆಯಾಗುತ್ತದೆ

ನಾಸಾಗೆ ಹಣ ಕೊಡುವುದು ಎರಡೂ ಸದನಗಳ ಅನುದಾನ ಸಮಿತಿಗಳು. ಒಂದೊಂದರಲ್ಲೂ 12 ಉಪಸಮಿತಿಗಳಿವೆ. ನಾಸಾ ಬರುವುದು ವಾಣಿಜ್ಯ, ನ್ಯಾಯ, ವಿಜ್ಞಾನ ಉಪಸಮಿತಿಯ ಪಾಲಿಗೆ. ಬಾಯಿಮಾತಿನಲ್ಲಿ ಸಿಜೆಎಸ್. ಎಫ್‌ಬಿಐ, ಒಕ್ಕೂಟ ಸರ್ಕಾರದ ಕಾರಾಗೃಹಗಳು, ಜನಗಣತಿ, ಹವಾಮಾನ ಇಲಾಖೆ, ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ, ಎಲ್ಲರೂ ಉಣ್ಣುವುದು ಇದೇ ತಟ್ಟೆಯಿಂದ. ಪ್ರತಿ ಉಪಸಮಿತಿಗೆ ಒಂದು ಒಟ್ಟು ಮೊತ್ತವನ್ನು ಮೊದಲೇ ನಿಗದಿ ಮಾಡಿಬಿಡುತ್ತಾರೆ. ಆದ್ದರಿಂದಲೇ ‘ರಕ್ಷಣೆಗೆ ಸುರಿಯುವ ಹಣವನ್ನು ನಾಸಾಗೆ ಕೊಡಿ’ ಎನ್ನುವ ಪತ್ರ ಓದಿದ ಸಿಬ್ಬಂದಿ ಒಳಗೊಳಗೇ ನಕ್ಕು ಪಕ್ಕಕ್ಕಿಡುತ್ತಾರೆ. ರಕ್ಷಣೆಯ ತಟ್ಟೆ ಬೇರೆ. ಅಲ್ಲಿಂದ ಇಲ್ಲಿಗೆ ಬಡಿಸುವ ಅಧಿಕಾರ ಈ ಉಪಸಮಿತಿಗಿಲ್ಲ.

ಕ್ಯಾಲೆಂಡರ್ ಗೊತ್ತಿರುವುದು ಮುಖ್ಯ. ಕಾನೂನಿನ ಪ್ರಕಾರ ಅಧ್ಯಕ್ಷರ ಪ್ರಸ್ತಾವ ಫೆಬ್ರುವರಿಯ ಮೊದಲ ಸೋಮವಾರ ಬರಬೇಕು, ಬಹುತೇಕ ವರ್ಷ ತಡವಾಗುತ್ತದೆ. ಮಾರ್ಚ್–ಏಪ್ರಿಲ್‌ನಲ್ಲಿ ಪ್ರತಿ ಸದಸ್ಯನೂ ಉಪಸಮಿತಿಗೆ ತನ್ನ ಕೋರಿಕೆ ಪಟ್ಟಿ ಸಲ್ಲಿಸುತ್ತಾನೆ. ಪತ್ರಕ್ಕೆ ಇದು ಚಿನ್ನದಂಥ ಕಾಲ. ಆದರೆ ಸುದ್ದಿಯಲ್ಲಿ ಗದ್ದಲವಿಲ್ಲದ ಕಾರಣ ಆಗ ಬರೆಯುವವರು ಕಮ್ಮಿ. ಮೇನಿಂದ ಜುಲೈವರೆಗೆ ಉಪಸಮಿತಿಯಲ್ಲಿ ಮಸೂದೆಯ ಕರಡು ತಿದ್ದುವ ಕೆಲಸ. ಆಗಸ್ಟ್‌ನಲ್ಲಿ ಸದಸ್ಯರು ಊರಿಗೆ ಬಂದಿರುತ್ತಾರೆ, ಕ್ಷೇತ್ರದ ಕಚೇರಿಯಲ್ಲಿ ಹದಿನೈದು ನಿಮಿಷ ಸಿಗುವುದು ಆಗ ಸುಲಭ. ಅಕ್ಟೋಬರ್ 1ಕ್ಕೆ ಹೊಸ ಆರ್ಥಿಕ ವರ್ಷ. ಅಷ್ಟರೊಳಗೆ ಮಸೂದೆ ಮುಗಿಯದಿದ್ದರೆ ಹಳೆಯ ದರದಲ್ಲೇ ತಾತ್ಕಾಲಿಕ ಅನುದಾನ, ಅದೂ ಒಪ್ಪಿಗೆಯಾಗದಿದ್ದರೆ ಸರ್ಕಾರಿ ಕಚೇರಿಗಳಿಗೆ ಬೀಗ. 2025ರಲ್ಲಿ 43 ದಿನ ಹಾಗೇ ಆಯಿತು. ಕರಡು ಉಪಸಮಿತಿ ದಾಟಿದ ಮೇಲೆ ‘ಅಂಕಿ ಏರಿಸಿ’ ಎಂದು ಬರೆದರೆ ಬಸ್ಸು ಹೋದ ಮೇಲೆ ಟಿಕೆಟ್ ಕೇಳಿದ ಹಾಗೆ. ಆಗ ಕೇಳಬೇಕಾದದ್ದು ‘ಎರಡು ಸದನಗಳ ಅಂಕಿಗಳಲ್ಲಿ ಹೆಚ್ಚಿನದನ್ನು ಉಳಿಸಿಕೊಳ್ಳಿ’ ಎಂದು.

ಪತ್ರ ಸೇರುವ ಮೇಜು

ಪತ್ರವನ್ನು ಸದಸ್ಯರೇ ಬಿಡಿಸಿ ಓದುತ್ತಾರೆಂಬ ಭ್ರಮೆ ಬೇಡ. ಪ್ರತಿನಿಧಿ ಸಭೆಯ ಸದಸ್ಯನೊಬ್ಬನಿಗೆ ಇರುವ ಕಾಯಂ ಸಿಬ್ಬಂದಿ ಹೆಚ್ಚೆಂದರೆ 18. ಅದು ವಾಷಿಂಗ್ಟನ್, ಕ್ಷೇತ್ರ ಎರಡೂ ಸೇರಿ. ಪತ್ರವನ್ನು ಮೊದಲು ನೋಡುವುದು ಇಂಟರ್ನ್ ಅಥವಾ ಪತ್ರವ್ಯವಹಾರದ ಸಹಾಯಕ, ಬಹುತೇಕ ಕಾಲೇಜು ಮುಗಿಸಿ ವರ್ಷವಾಗಿರದ ಹುಡುಗ ಅಥವಾ ಹುಡುಗಿ. ಅವರು ಮೊದಲು ವಿಳಾಸ ನೋಡುತ್ತಾರೆ. ಕ್ಷೇತ್ರದವರಲ್ಲದಿದ್ದರೆ ಪತ್ರದ ಆಯುಸ್ಸು ಅಲ್ಲಿಗೇ ಮುಗಿಯಿತು. ಕ್ಷೇತ್ರದವರಾದರೆ ಕಂಪ್ಯೂಟರಿನಲ್ಲಿ ವಿಷಯವಾರು ನಮೂದು: ‘ನಾಸಾ, ಅನುದಾನ, ಪರ’. ಪದಕ್ಕೆ ಪದ ಒಂದೇ ಆಗಿರುವ ಪತ್ರಗಳನ್ನು ತಂತ್ರಾಂಶವೇ ಕಟ್ಟು ಕಟ್ಟಿ ಒಂದು ಗುಂಪಿಗೆ ಹಾಕುತ್ತದೆ. ಗುಂಪಿಗೆಲ್ಲ ಒಂದೇ ಉತ್ತರ. ಬೇರೆಯದಾಗಿ ಬರೆದ ಪತ್ರ ಮಾತ್ರ ಆ ವಿಷಯ ನೋಡಿಕೊಳ್ಳುವ ಶಾಸಕಾಂಗ ಸಹಾಯಕನ ಮೇಜಿಗೆ ಏರುತ್ತದೆ, ಏಕೆಂದರೆ ಅದಕ್ಕೆ ಹೊಸ ಉತ್ತರ ಬರೆಯಬೇಕು. ಉತ್ತರ ಬರೆಯಬೇಕಾದರೆ ‘ನಮ್ಮ ನಿಲುವೇನು?’ ಎಂದು ಮೇಲಿನವರನ್ನು ಕೇಳಬೇಕು. ಆ ಪ್ರಶ್ನೆ ಕಚೇರಿಯೊಳಗೆ ಏಳುವಂತೆ ಮಾಡುವುದೇ ಪತ್ರದ ಅಸಲಿ ಕಸುಬು.

ಗರ್ಭಪಾತ, ಬಂದೂಕು, ವಲಸೆಯಂಥ ವಿಷಯಗಳಿಗೆ ಬರುವ ಟಪಾಲಿನ ಮುಂದೆ ನಾಸಾ ಟಪಾಲು ಏನೇನೂ ಅಲ್ಲ. ಇದು ಅನುಕೂಲವೇ ಆಯಿತು. ಒಂದೇ ಕ್ಷೇತ್ರದಿಂದ ಒಂದೇ ವಾರದಲ್ಲಿ ಹತ್ತಿಪ್ಪತ್ತು ಭಿನ್ನ ಪತ್ರ ಬಂದರೆ ವಾರದ ಟಪಾಲು ವರದಿಯಲ್ಲಿ ನಾಸಾ ಹೆಸರು ಕಾಣಿಸಿಕೊಳ್ಳುತ್ತದೆ. ದೇಶದ ತುಂಬ ಹರಡಿದ ಹತ್ತು ಸಾವಿರ ನಕಲು ಪ್ರತಿಗಳಿಗಿಂತ ಸಮಿತಿ ಸದಸ್ಯನ ಕ್ಷೇತ್ರದ ಇಪ್ಪತ್ತು ಪತ್ರ ಭಾರ ಎಂಬುದು ನಮ್ಮ ಅಂದಾಜು.

ಕಾಗದದ ಪತ್ರಕ್ಕೆ ಇನ್ನೊಂದು ತೊಡಕು. 2001ರಲ್ಲಿ ಸೆನೆಟರುಗಳಿಗೆ ಆಂಥ್ರಾಕ್ಸ್ ಪುಡಿ ತುಂಬಿದ ಲಕೋಟೆಗಳು ಬಂದ ನಂತರ ಕಾಂಗ್ರೆಸ್ಸಿನ ಟಪಾಲು ಬೇರೆಡೆ ತಪಾಸಣೆಯಾಗಿ, ವಿಕಿರಣಕ್ಕೆ ಒಡ್ಡಿಸಿಕೊಂಡು ಬರುತ್ತದೆ. ವಾರಗಟ್ಟಲೆ ತಡ. ಬಂದಾಗ ಹಾಳೆ ಹಳದಿಯಾಗಿ, ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತದೆ. ಅಂಟಿಸಿದ ಫೋಟೊ ಹಾಳಾಗಿರುತ್ತದೆ. ಹಾಗಾಗಿ ಸದಸ್ಯರ ಜಾಲತಾಣದ ಅರ್ಜಿ ನಮೂನೆಯಲ್ಲಿ ಬರೆಯುವುದು ವಾಸಿ. ಮತದಾನಕ್ಕೆ ಎರಡೇ ದಿನ ಉಳಿದಿದೆ ಎಂದರೆ ಫೋನ್. ಕೈಬರಹದ ಪತ್ರವನ್ನೇ ಕೊಡಬೇಕೆಂದಿದ್ದರೆ ಕ್ಷೇತ್ರದ ಕಚೇರಿಗೆ ಹೋಗಿ ಕೈಯಲ್ಲೇ ಕೊಡಿ.

ಬರೆಯುವುದು ಹೇಗೆ

ಒಬ್ಬ ನಿವಾಸಿಗೆ ಬರೆಯಲು ಮೂವರು: ಒಬ್ಬ ಪ್ರತಿನಿಧಿ, ಇಬ್ಬರು ಸೆನೆಟರುಗಳು. ಮೂವರಿಗೂ ಬರೆಯಬೇಕು, ಪಕ್ಷ ಯಾವುದೇ ಇರಲಿ. ಒಂದು ಪತ್ರಕ್ಕೆ ಒಂದೇ ವಿಷಯ. ನಾಸಾದ ಜೊತೆ ತೆರಿಗೆಯ ದೂರನ್ನೂ ಸೇರಿಸಿದರೆ ನಮೂದು ಮಾಡುವವನು ತೆರಿಗೆಯ ಖಾನೆಗೆ ಹಾಕಿಬಿಡಬಹುದು. ಉದ್ದ 250ರಿಂದ 300 ಪದ ಸಾಕು. ಕಳೆದ ಬಾರಿಯ ಹೋರಾಟಕ್ಕೆ ಹೊಂದುವ ಪತ್ರದ ತಿರುಳನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗಿರುತ್ತದೆ:

‘ನಾನು ನಿಮ್ಮ ಕ್ಷೇತ್ರದ ನಿವಾಸಿ, ವಿಳಾಸ, ಜಿಪ್ ಕೋಡ್ ಕೆಳಗಿದೆ. 2026ರ ಸಿಜೆಎಸ್ ಮಸೂದೆಯಲ್ಲಿ ನಾಸಾ ವಿಜ್ಞಾನ ವಿಭಾಗಕ್ಕೆ 730 ಕೋಟಿ ಡಾಲರಿಗೆ ಕಡಿಮೆಯಾಗದಂತೆ ಕೊಡಲು ಉಪಸಮಿತಿಗೆ ಕೋರಿಕೆ ಸಲ್ಲಿಸಬೇಕೆಂದು ಕೇಳಿಕೊಳ್ಳುತ್ತೇನೆ. ನಾನು ಪ್ರೌಢಶಾಲೆಯಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಜೂನೊ ಕಳಿಸುವ ಗುರುವಿನ ಚಿತ್ರಗಳನ್ನು ನನ್ನ ವಿದ್ಯಾರ್ಥಿಗಳೇ ಸಂಸ್ಕರಿಸುತ್ತಾರೆ. ನೌಕೆ ಕಟ್ಟಿ ಹಾರಿಸಿದ ಖರ್ಚು ಆಗಿಹೋಗಿದೆ, ಉಳಿದಿರುವುದು ನಡೆಸುವ ಖರ್ಚು ಮಾತ್ರ. ಈ ಕೋರಿಕೆ ಸಲ್ಲಿಸುವಿರೇ, ದಯವಿಟ್ಟು ತಿಳಿಸಿ.’

ನಾಲ್ಕು ಸಂಗತಿಗಳು ಅದರಲ್ಲಿವೆ. ಕ್ಷೇತ್ರದ ನಿವಾಸಿ ಎಂಬುದು ಮೊದಲ ಸಾಲಿನಲ್ಲೇ ಇದೆ. ಎರಡನೆಯ ಸಾಲಿಗೇ ಮಸೂದೆಯ ಹೆಸರು, ಅಂಕಿ, ಮಾಡಬೇಕಾದ ಕೆಲಸ ಬಂದಿವೆ. ಸಿಬ್ಬಂದಿಯ ಕಣ್ಣು ಮೂರನೆಯ ಪ್ಯಾರಾವರೆಗೆ ಹೋಗುತ್ತದೆಂಬ ಖಾತರಿಯಿಲ್ಲ. ನಡುವೆ ಬೇರೆ ಯಾರೂ ಬರೆಯಲಾಗದ ಒಂದು ಸ್ವಂತ ಸಂಗತಿ ಇದೆ. ಕೊನೆಗೆ ಹೌದು–ಇಲ್ಲ ಎಂದು ಉತ್ತರಿಸಬೇಕಾದ ಪ್ರಶ್ನೆ. ‘ಮನುಕುಲದ ಭವಿಷ್ಯ ನಕ್ಷತ್ರಗಳಲ್ಲಿದೆ’ ಎಂಬ ಸಾಲು ಬರೆಯುವ ಆಸೆ ಎಲ್ಲರಿಗೂ ಆಗುತ್ತದೆ. ಅದಕ್ಕೆ ಸದಸ್ಯ ‘ಖಂಡಿತ’ ಎಂದು ಉತ್ತರಿಸಿ, ಕಡಿತಕ್ಕೇ ಮತ ಹಾಕಬಹುದು!

ಅಮೆರಿಕದಲ್ಲಿರುವ ಕನ್ನಡಿಗರು ಪದೇ ಪದೇ ಕೇಳುವುದು: ಪೌರತ್ವ ಇಲ್ಲದಿದ್ದರೆ ಬರೆಯಬಹುದೇ? ಬರೆಯಬಹುದು. ಮತ ಹಾಕುವುದು ಪೌರರಿಗೆ ಮಾತ್ರ, ಅಹವಾಲು ಸಲ್ಲಿಸುವುದು ಹಾಗಲ್ಲ; ಗ್ರೀನ್ ಕಾರ್ಡ್ ಇರುವವರೂ, ಎಚ್‌–1ಬಿ ವೀಸಾದವರೂ ಆ ಕ್ಷೇತ್ರದ ನಿವಾಸಿಗಳೇ. ಅವರ ಬಳಿ ಒಳ್ಳೆಯ ಉದಾಹರಣೆಯೂ ಇದೆ. 2025ರ ಜುಲೈ 30ರಂದು ಶ್ರೀಹರಿಕೋಟದಿಂದ ಹಾರಿದ, ನಾಸಾ–ಇಸ್ರೊ ಜಂಟಿಯಾಗಿ ಕಟ್ಟಿದ ನಿಸಾರ್ ಉಪಗ್ರಹದ ಎಲ್–ಬ್ಯಾಂಡ್ ರೇಡಾರ್ ಬಂದದ್ದು ಕ್ಯಾಲಿಫೋರ್ನಿಯಾದಲ್ಲಿರುವ ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಿಂದ, ಎಸ್–ಬ್ಯಾಂಡ್ ಇಸ್ರೊದ್ದು, ಜೋಡಣೆಯಾದದ್ದು ಬೆಂಗಳೂರಿನಲ್ಲಿ. ಆ ಲ್ಯಾಬೊರೇಟರಿ ಇರುವ ಪಸಾಡೆನಾ ಕಡೆಯ ಕ್ಷೇತ್ರದಲ್ಲಿ ಮನೆ ಮಾಡಿರುವ ಬೆಂಗಳೂರಿನವರಿಗೆ ‘ಸ್ವಂತ ಸಂಗತಿ’ ಇದಕ್ಕಿಂತ ಬೇಕೇ? ಒಂದು ಎಚ್ಚರಿಕೆ: ನಾಸಾದ ನೌಕರರಾದವರು ಕಚೇರಿಯ ಕಂಪ್ಯೂಟರು, ಕಚೇರಿಯ ಇಮೇಲು, ಕಚೇರಿಯ ಸಮಯ ಬಳಸಿ ಬರೆಯುವ ಹಾಗಿಲ್ಲ. ಸಂಜೆ, ಮನೆಯಿಂದ, ಖಾಸಗಿ ಇಮೇಲಿನಲ್ಲಿ, ಪ್ರಜೆಯಾಗಿ ಬರೆಯಬಹುದು.

ಯಂತ್ರದಿಂದ ಬರೆಸಿದ ಪತ್ರಗಳು ಹೊಸ ತಲೆನೋವು. 2017ರಲ್ಲಿ ಅಂತರ್ಜಾಲ ತಟಸ್ಥತೆಯ ಬಗ್ಗೆ ಅಮೆರಿಕದ ಸಂಪರ್ಕ ಆಯೋಗಕ್ಕೆ ಬಂದ 2.2 ಕೋಟಿ ಅಭಿಪ್ರಾಯಗಳಲ್ಲಿ ಸುಮಾರು 1.8 ಕೋಟಿ ನಕಲಿ ಎಂದು ನ್ಯೂಯಾರ್ಕಿನ ಅಟಾರ್ನಿ ಜನರಲ್ ಕಚೇರಿ ತನಿಖೆ ಮಾಡಿ ಹೇಳಿತು. ಅಂದಿನಿಂದ ‘ಜನಾಭಿಪ್ರಾಯ’ದ ಮೇಲೇ ಗುಮಾನಿ. ನಯವಾದ, ಎಡವದ, ಯಾರದ್ದೂ ಅಲ್ಲದ ಭಾಷೆಯ ಪತ್ರಕ್ಕಿಂತ ಸ್ವಲ್ಪ ಒರಟಾಗಿದ್ದರೂ ಒಬ್ಬ ಮನುಷ್ಯನ ಊರು–ಕಸುಬು ಕಾಣುವ ಪತ್ರ ಈಗ ಮೊದಲಿಗಿಂತ ಹೆಚ್ಚು ನಂಬಿಕೆ ಗಳಿಸುತ್ತದೆ.

ಇದೇ ಉಪಾಯ ಇಸ್ರೊಗೆ ನಡೆಯುತ್ತದೆಯೇ?

ಹಾಗೇ ಎತ್ತಿ ತಂದರೆ ನಡೆಯುವುದಿಲ್ಲ. ಅಮೆರಿಕದ ಸದಸ್ಯ ತನ್ನದೇ ಪಕ್ಷದ ಅಧ್ಯಕ್ಷರ ಬಜೆಟ್ಟನ್ನು ಹರಿದು ಬೇರೆ ಬರೆಯಬಲ್ಲ. ಪತ್ರಕ್ಕೆ ಬೆಲೆ ಬರುವುದು ಅದರಿಂದ. ನಮ್ಮಲ್ಲಿ 1985ರ ಪಕ್ಷಾಂತರ ನಿಷೇಧ ಕಾನೂನಿನ ನಂತರ ಸಂಸದ ವಿಪ್ ಮೀರಿ ಮತ ಹಾಕಿದರೆ ಸ್ಥಾನವನ್ನೇ ಕಳೆದುಕೊಳ್ಳಬಹುದು. ಬಾಹ್ಯಾಕಾಶ ಇಲಾಖೆ ನೇರವಾಗಿ ಪ್ರಧಾನಿಯವರ ಕೈಕೆಳಗಿದೆ. 2025–26ಕ್ಕೆ ಅದಕ್ಕಿಟ್ಟ ₹13,416 ಕೋಟಿಯ ಅಂಕಿ ಸಂಸತ್ತಿನಲ್ಲಿ ಬದಲಾಗುವ ಸಂಭವ ಇರಲೇ ಇಲ್ಲ. ಇಲ್ಲಿ ಪತ್ರಕ್ಕೆ ಬೇರೆ ಎರಡು ಕಿಂಡಿಗಳಿವೆ. ಇಲಾಖೆಯ ಅನುದಾನ ಬೇಡಿಕೆಯನ್ನು ಪರಿಶೀಲಿಸುವ ವಿಜ್ಞಾನ ಮತ್ತು ತಂತ್ರಜ್ಞಾನದ ಸ್ಥಾಯಿ ಸಮಿತಿ ಒಂದು. ಅದರ ಸದಸ್ಯರ ಪಟ್ಟಿ ನೋಡಿ, ಬಜೆಟ್ ಅಧಿವೇಶನದ ಬಿಡುವಿಗೆ ಮೊದಲೇ ಬರೆಯಬೇಕು. ಸಂಸದರಿಂದ ಲಿಖಿತ ಪ್ರಶ್ನೆ ಕೇಳಿಸುವುದು ಇನ್ನೊಂದು: ಇಂಥ ಯೋಜನೆಗೆ ಕೊಟ್ಟದ್ದೆಷ್ಟು, ಖರ್ಚಾದದ್ದೆಷ್ಟು, ತಡವೇಕೆ. ಹಣ ಹೆಚ್ಚಾಗದೆ ಇರಬಹುದು, ಉತ್ತರವಂತೂ ದಾಖಲೆಗೆ ಸೇರುತ್ತದೆ.

ಪತ್ರ ಮುಟ್ಟದ ಜಾಗ

2026ರ ಮಸೂದೆಯಲ್ಲೂ ಒಂದು ದೊಡ್ಡ ಯೋಜನೆ ಉಳಿಯಲಿಲ್ಲ: ಮಂಗಳದ ಕಲ್ಲುಮಣ್ಣನ್ನು ಭೂಮಿಗೆ ತರುವ ಸ್ಯಾಂಪಲ್ ರಿಟರ್ನ್. ಪ್ರೇಮಿಗಳಿಗೇನೂ ಬರವಿರಲಿಲ್ಲ, ವಿಜ್ಞಾನಿಗಳ ಶ್ರೇಯಾಂಕದಲ್ಲೂ ಮೇಲಿತ್ತು. ಆದರೆ 2023ರ ಸ್ವತಂತ್ರ ಪರಿಶೀಲನೆ ಖರ್ಚು 1,100 ಕೋಟಿ ಡಾಲರ್ ಮುಟ್ಟಬಹುದೆಂದಿತು, ಮರುವರ್ಷ ನಾಸಾ ತಾನೇ ಕಲ್ಲುಮಣ್ಣು ಭೂಮಿಗೆ ಬರುವುದು 2040ಕ್ಕೆ ಎಂಬ ಮಾತಾಡಿತು. ಅಂದಾಜೇ ಕೈಮೀರಿದ ಯೋಜನೆಯ ಪರವಾಗಿ ಬರೆದ ಪತ್ರಕ್ಕೆ ಸಿಬ್ಬಂದಿ ‘ಮೊದಲು ನಾಸಾ ಲೆಕ್ಕ ಸರಿಮಾಡಿಕೊಳ್ಳಲಿ’ ಎಂದು ಉತ್ತರಿಸಿದರೆ ತಪ್ಪೆನ್ನಲಾಗದು.

ಇನ್ನೊಂದು ಅಡ್ಡಿ ಈಚಿನದು. ಕಾಂಗ್ರೆಸ್ ಮಂಜೂರು ಮಾಡಿದ ಹಣವನ್ನು ಆಡಳಿತ ಖರ್ಚೇ ಮಾಡದೆ ತಡೆಹಿಡಿದರೆ? ಹಾಗೆ ಮಾಡದಂತೆ 1974ರಿಂದಲೇ ಒಂದು ಕಾನೂನಿದೆ, ಆದರೆ 2025ರಲ್ಲಿ ವಿದೇಶಿ ನೆರವಿನ ಸುಮಾರು 490 ಕೋಟಿ ಡಾಲರನ್ನು ಆರ್ಥಿಕ ವರ್ಷದ ಕೊನೆಯ ವಾರಗಳಲ್ಲಿ ಹಾಗೇ ತಡೆಹಿಡಿದರು. ಆದ್ದರಿಂದ ಮಸೂದೆಗೆ ಸಹಿ ಬಿದ್ದ ಮೇಲೂ ಎರಡನೆಯ ಪತ್ರ ಬೇಕಾಗುತ್ತದೆ. ಅದರ ಮೊದಲ ಸಾಲು ಧನ್ಯವಾದ: ಇಂಥ ದಿನ ನೀವು ಪರವಾಗಿ ಮತ ಹಾಕಿದಿರಿ, ಗಮನಿಸಿದ್ದೇವೆ. ಇಂಥ ಪತ್ರ ಬರೆಯುವವರು ತೀರಾ ವಿರಳ, ಹಾಗಾಗಿ ಅದು ಕಚೇರಿಯ ಗೋಡೆಗೆ ಅಂಟಿಸಿಕೊಳ್ಳುವಷ್ಟು ಅಪರೂಪ. ಎರಡನೆಯ ಸಾಲಿನಲ್ಲಿ ಪ್ರಶ್ನೆ: ನೀವು ಮಂಜೂರು ಮಾಡಿದ 725 ಕೋಟಿಯಲ್ಲಿ ಈ ತಿಂಗಳವರೆಗೆ ಎಷ್ಟು ಬಿಡುಗಡೆಯಾಗಿದೆ ಎಂದು ನಾಸಾವನ್ನು ಕೇಳುವಿರಾ? ಮೊದಲ ಪತ್ರಕ್ಕೆ ಬಂದ ಉತ್ತರದ ಕೊನೆಯಲ್ಲಿ ಯಾವ ಸಹಾಯಕನ ಹೆಸರಾದರೂ ಇದ್ದರೆ, ಅದನ್ನು ಬರೆದಿಟ್ಟುಕೊಂಡು ಈ ಪತ್ರವನ್ನು ಅವನ ಗಮನಕ್ಕೇ ಕಳಿಸುವುದು.